ಕೀನ್ಯಾಕ್ಕೆ ಹೊರಟಿದ್ದೇನೆ, ಕ್ಯಾಮೆರಾ ಬ್ಯಾಟರಿ ಚಾರ್ಜಿಗೆ ಏನು ಮಾಡೋದು ಮಾರಾಯ್ರೆ?

ಹುಲೇಕಲ್ ಹುಡುಗ (ಶಿರಸಿ) · ಜುಲೈ 4, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಎರಡನೇ ವಾರ ಮಸಾಯಿ ಮಾರಾಕ್ಕೆ ಹೊರಟಿದ್ದೇವೆ. ನಾನು, ಭಾವ, ಭಾವನ ಇಬ್ಬರು ದೋಸ್ತರು. ಹತ್ತು ವರ್ಷದ ಆಸೆ. ಈ ಸಲ ಅಡಿಕೆ ದುಡ್ಡು ಕೈಗೆ ಬಂದಿದ್ದೇ ಟಿಕೆಟ್ ತೆಗೆದುಬಿಟ್ಟೆ, ಇಲ್ಲದಿದ್ದರೆ ಅದು ತೋಟಕ್ಕೇ ವಾಪಸ್ ಹೋಗುತ್ತಿತ್ತು. ಕುಮಟಾದಿಂದ ರೈಲಿನಲ್ಲಿ ಮುಂಬೈ, ಅಲ್ಲಿಂದ ದುಬೈ ಮೇಲೆ ನೈರೋಬಿ. ಮಾರಾದಲ್ಲಿ ಐದು ರಾತ್ರಿ, ಟೆಂಟ್ ಕ್ಯಾಂಪು.

ನನ್ನ ಹತ್ತಿರ ನಿಕಾನ್ ಡಿ500, 200-500 ಲೆನ್ಸು, ಇಎನ್-ಇಎಲ್15 ಬ್ಯಾಟರಿ ಮೂರು, ಚಾರ್ಜರ್ ಒಂದು. ಭಾವನ ಹತ್ತಿರ ನಿಕಾನಿನದ್ದೇ ಝಡ್6 II ಕ್ಯಾಮೆರಾ. ಅದರ ಮೇಲೆ ನಾಲ್ಕು ಫೋನು, ಒಂದು ಲ್ಯಾಪ್‌ಟಾಪು, 20,000 ಎಂಎಎಚ್ ಪವರ್ ಬ್ಯಾಂಕು.

ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. 'ಫಾರಿನ್ ಕರೆಂಟೇ ಬೇರೆ, ಕನ್ವರ್ಟರ್ ಇಲ್ಲದೆ ಹಾಕಿದರೆ ಚಾರ್ಜರ್ ಢಮಾರ್' ಅಂದರು. ಒಂದು ಕಬ್ಬಿಣದ ಡಬ್ಬಿ ತೋರಿಸಿದರು. ಎತ್ತಿ ನೋಡಿದೆ, ಎರಡು ಕೆಜಿ ಮೇಲೇ ಇದೆ. ನನ್ನ ಲೆನ್ಸೇ ಅಷ್ಟಿದೆ, ಅದರ ಜೊತೆ ಇದನ್ನು ಹೊರಬೇಕಾ?

ಇನ್ನೊಂದು ವಿಷಯ. ಕ್ಯಾಂಪಿನಲ್ಲಿ ಕರೆಂಟು ಸಂಜೆ 6ರಿಂದ 10, ಬೆಳಿಗ್ಗೆ 5ರಿಂದ 6.30 ಮಾತ್ರ ಅಂತೆ. ಟೆಂಟಿಗೆ ಒಂದೇ ಪ್ಲಗ್ ಪಾಯಿಂಟು.

ಫ್ಯೂಸ್ ಹಾಕುವವ (ಕುಮಟಾ) · ಜುಲೈ 4, ರಾತ್ರಿ 10.15

ಆ ಡಬ್ಬಿ ಅಂಗಡಿಯಲ್ಲೇ ಇರಲಿ ತಮ್ಮಾ.

ಚಾರ್ಜರನ್ನು ಮಗುಚಿ ಹಾಕು. ಹಿಂದೆ ಇರುವೆ ಸಾಲಿನಂಥ ಅಕ್ಷರ ಇರುತ್ತವೆ. ಕನ್ನಡಕ ಹಾಕಿಕೊಂಡು 'ಇನ್‌ಪುಟ್' ಅಂತ ಇರುವ ಸಾಲು ಓದು. 100-240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ದರೆ ಆ ಚಾರ್ಜರ್ ಜಪಾನಿನ 100 ವೋಲ್ಟಿಗೂ ಸೈ, ನಮ್ಮ 230ಕ್ಕೂ ಸೈ. ಈಗಿನ ಕ್ಯಾಮೆರಾ, ಫೋನು, ಲ್ಯಾಪ್‌ಟಾಪು ಚಾರ್ಜರ್ ಹೆಚ್ಚುಕಡಿಮೆ ಎಲ್ಲ ಹೀಗೇ ಇರುತ್ತವೆ. ಆದರೂ ಓದದೆ ಚುಚ್ಚಬೇಡ.

ಕೀನ್ಯಾದಲ್ಲಿ 240 ವೋಲ್ಟ್, 50 ಹರ್ಟ್ಜ್. ನಿಮ್ಮ ಹುಲೇಕಲ್ ಲೈನಿನಲ್ಲಿ ಒಂದೇ ದಿನ ಇದಕ್ಕಿಂತ ಜಾಸ್ತಿ ಏರಿಳಿತ ಆಗುತ್ತದೆ.

ಬೇರೆ ಇರುವುದು ಪ್ಲಗ್ಗಿನ ಆಕಾರ ಮಾತ್ರ, ಅದನ್ನು ಹೊಂದಿಸಲು ಸಣ್ಣ ಅಡಾಪ್ಟರ್ ಸಾಕು. ಅಲ್ಲಿ ಮೂರು ಚಪ್ಪಟೆ ಪಿನ್ನಿನ ಜಿ ಮಾದರಿ, ಬ್ರಿಟಿಷರದ್ದು. ನಮ್ಮ ದುಂಡು ಪಿನ್ನೂ ಅವರದ್ದೇ, ಹಳೇದು. 1947ರಲ್ಲಿ ಅವರು ಇಲ್ಲಿಂದ ಗಂಟು ಕಟ್ಟಿದರಲ್ಲ, ಚಪ್ಪಟೆ ಪಿನ್ನಿನ ಹೊಸ ಮಾನದಂಡ ಅವರ ಊರಲ್ಲಿ ಬಂದದ್ದೂ ಅದೇ ವರ್ಷ. ಅವರು ಹೊಸದಕ್ಕೆ ಹೋದರು, ಹಳೇದು ನಮ್ಮ ಗೋಡೆಯಲ್ಲಿ ಉಳಿಯಿತು.

ವೋಲ್ಟ್ ಬದಲಿಸುವ ಆ ಡಬ್ಬಿ, ಅಂದರೆ ಕನ್ವರ್ಟರ್, ಬೇಕಾಗುವುದು ಇಸ್ತ್ರಿ, ಹೇರ್ ಡ್ರೈಯರ್, ನೀರು ಕಾಯಿಸುವ ಕಾಯಿಲ್, ಮಿಕ್ಸರ್ ಇಂಥವಕ್ಕೆ. ಅದೂ 110 ವೋಲ್ಟಿನ ಆಸುಪಾಸಿನ ದೇಶಕ್ಕೆ ಹೋದರೆ. ಕಾಯಿಲ್ ಹಿಡಿದುಕೊಂಡು ಸಿಂಹ ನೋಡಲು ಹೋಗುವುದಿಲ್ಲವಲ್ಲ?

ಕೋಡಿಬಾಗದವ (ಕಾರವಾರ) · ಜುಲೈ 4, ರಾತ್ರಿ 10.50

ಕೈಗಾ ಪಕ್ಕದ ಮನೆಯವರು ನಾವು. ನಾಲ್ಕು ಘಟಕ, ಒಂದೊಂದು 220 ಮೆಗಾವ್ಯಾಟ್. ಜೂನ್ ಬಂತೆಂದರೆ ಮೇಣದಬತ್ತಿ. ನಮಗೆ ಕೇಳಿದರೆ ಸಂಜೆ ನಾಲ್ಕು ತಾಸು ಗ್ಯಾರಂಟಿ ಕರೆಂಟು ಅಂದರೆ ಐಷಾರಾಮ.

ಅಡಾಪ್ಟರಿಗೂ ದುಡ್ಡು ಹಾಕಬೇಡಿ. ಸಿಂಗಾಪುರದಲ್ಲಿ ನಾನು ನಮ್ಮ ಎರಡು ಪಿನ್ನಿನ ಚಾರ್ಜರ್ ಅನ್ನೇ ಹಾಕಿದ್ದೇನೆ. ಮೇಲಿನ ತೂತಿಗೆ ಬಾಲ್ ಪೆನ್ ತೂರಿಸಿದರೆ ಕೆಳಗಿನ ಎರಡು ತೂತಿನ ಬಾಗಿಲು ತೆರೆಯುತ್ತದೆ. ಆಮೇಲೆ ಪ್ಲಗ್ ಒತ್ತಿದರಾಯಿತು.

ಫ್ಯೂಸ್ ಹಾಕುವವ (ಕುಮಟಾ) · ಜುಲೈ 4, ರಾತ್ರಿ 10.58

ನಿಮ್ಮಂಥವರಿಂದಲೇ ನಮ್ಮ ಹೊಟ್ಟೆಪಾಡು ನಡೆಯುತ್ತಿದೆ.

ಆ ಬಾಗಿಲು ಇಟ್ಟಿರುವುದೇ ಮಕ್ಕಳು ಏನಾದರೂ ತೂರಿಸಬಾರದು ಅಂತ. ಉದ್ದದ ಅರ್ತ್ ಪಿನ್ ಮೊದಲು ಒಳಗೆ ಹೋಗಿ ಬಾಗಿಲು ತೆರೆಯಬೇಕು. ಪೆನ್ನಿನಿಂದ ತೆರೆದು ದುಂಡು ಪಿನ್ ತುರುಕಿದರೆ ಅದು ಒಳಗೆ ಸಡಿಲವಾಗಿ ನಿಲ್ಲುತ್ತದೆ. ಸಡಿಲ ಇದ್ದಲ್ಲಿ ಕಿಡಿ, ಕಿಡಿ ಇದ್ದಲ್ಲಿ ಬಿಸಿ. ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿಯೂ ಅಗಲ ಆಗಿಬಿಡುತ್ತದೆ, ನಾಳೆ ಸರಿಯಾದ ಪ್ಲಗ್ ಹಾಕಿದವನಿಗೂ ತೊಂದರೆ. ಟೆಂಟಿನೊಳಗೆ ಸುತ್ತ ಬಟ್ಟೆಯೇ ಇರುವುದು. ಬೇಡ.

ಭಟ್ಕಳ ಟು ಬರ್‌ದುಬೈ · ಜುಲೈ 5, ಬೆಳಿಗ್ಗೆ 6.30

ಭಾಯಿ, ನಾನು ಹದಿನಾರು ವರ್ಷದಿಂದ ಜಿ ಮಾದರಿ ಪ್ಲಗ್ಗಿನ ಜೊತೆಯೇ ಬದುಕುತ್ತಿದ್ದೇನೆ. ದುಬೈನಲ್ಲೂ ಅದೇ. ಭಟ್ಕಳದಲ್ಲಿ ಗಲ್ಫಿಗೆ ಹೋಗಿ ಬಂದವರ ಯಾವ ಮನೆಯ ಡ್ರಾಯರ್ ತೆಗೆದರೂ ಈ ಅಡಾಪ್ಟರ್ ನಾಲ್ಕಾದರೂ ಸಿಗುತ್ತವೆ. ಯಾರನ್ನಾದರೂ ಕೇಳಿ, ಸುಮ್ನೆ ಕೊಡುತ್ತಾರೆ.

ಇದಕ್ಕಿಂತ ಒಳ್ಳೆ ಉಪಾಯ ಇದೆ. ನಿಮ್ಮ ನಿಕಾನ್ ಚಾರ್ಜರಿನ ಹಿಂದೆ 8ರ ಆಕಾರದ ತೂತು ಇರುತ್ತದೆ ನೋಡಿ. ಹಳೆ ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದೆವಲ್ಲ, ಅದೇ ವೈರು. ಆ ವೈರಿನದ್ದೇ ಜಿ ಪ್ಲಗ್ ಇರುವ ತುಂಡು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದೊಂದು ಇದ್ದರೆ ಚಾರ್ಜರ್ ಸೀದಾ ಗೋಡೆಗೆ, ಅಡಾಪ್ಟರ್ ಬೇರೆ ಕೆಲಸಕ್ಕೆ. ಪ್ಲಗ್ಗಿನೊಳಗೇ ಫ್ಯೂಸೂ ಇರುತ್ತದೆ.

ವಿಮಾನದ ವಿಷಯ ಜಾಗ್ರತೆ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎರಡನ್ನೂ ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕಿದರೆ ನಿಮ್ಮ ಹೆಸರು ಮೈಕಿನಲ್ಲಿ ಕೇಳಿಸುತ್ತದೆ. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ಬಿಗಿ ಮಾಡಿದ್ದಾರೆ. ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, 100 ವ್ಯಾಟ್-ಅವರ್ ಒಳಗೆ, ಎಷ್ಟು ಸಾಮರ್ಥ್ಯ ಅಂತ ಅದರ ಮೇಲೆ ಅಚ್ಚಾಗಿರಬೇಕು. ವಿಮಾನದೊಳಗೆ ಅದರಿಂದ ಫೋನ್ ಚಾರ್ಜ್ ಮಾಡುವಂತಿಲ್ಲ, ಅದನ್ನೂ ಚಾರ್ಜಿಗೆ ಹಾಕುವಂತಿಲ್ಲ. ತಲೆ ಮೇಲಿನ ಕಪಾಟಿನಲ್ಲೂ ಇಡುವಂತಿಲ್ಲ, ಸೀಟಿನ ಜೇಬಿನಲ್ಲಿ ಇಲ್ಲವೇ ಮುಂದಿನ ಸೀಟಿನ ಕೆಳಗೆ. ನೀವು ಬೇರೆ ಕಂಪನಿಯ ಟಿಕೆಟ್ ತೆಗೆದಿದ್ದರೆ ಅವರ ನಿಯಮ ಓದಿಕೊಳ್ಳಿ, ಒಬ್ಬೊಬ್ಬರದು ಒಂದೊಂದು ಥರ.

ಕೋಡಿಬಾಗದವ (ಕಾರವಾರ) · ಜುಲೈ 5, ಬೆಳಿಗ್ಗೆ 8.05

ಒಂದು ಪವರ್ ಬ್ಯಾಂಕಿಗೆ ಇಷ್ಟೆಲ್ಲ ಶಾಸ್ತ್ರವಾ?

ಭಟ್ಕಳ ಟು ಬರ್‌ದುಬೈ · ಜುಲೈ 5, ಬೆಳಿಗ್ಗೆ 8.20

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇಯಲ್ಲಿ ಹೊರಡಲು ನಿಂತಿದ್ದ ವಿಮಾನ ಸುಟ್ಟುಹೋಯಿತು. ಬೆಂಕಿ ಕಾಣಿಸಿದ್ದು ತಲೆ ಮೇಲಿನ ಕಪಾಟಿನಲ್ಲಿ. ಪುಣ್ಯಕ್ಕೆ ಇನ್ನೂ ನೆಲದ ಮೇಲಿತ್ತು, ಎಲ್ಲರೂ ಇಳಿದು ಬಚಾವಾದರು. ಅದಾದ ಮೇಲೆ ಒಬ್ಬೊಬ್ಬರೇ ನಿಯಮ ಬಿಗಿ ಮಾಡಿದ್ದು.

ಮಂಗಟ್ಟೆ (ದಾಂಡೇಲಿ) · ಜುಲೈ 5, ಮಧ್ಯಾಹ್ನ 2.10

ಎರಡು ಸಲ ಮಾರಾ ನೋಡಿ ಬಂದವಳು ಹೇಳುತ್ತಿದ್ದೇನೆ. ಎಲ್ಲರೂ ವೋಲ್ಟು, ಪಿನ್ನು ಅಂತ ಕೂತಿದ್ದೀರಿ. ಅಲ್ಲಿ ಕಾಡುವುದು ಗಡಿಯಾರ.

ಲೆಕ್ಕ ಹಾಕು ತಮ್ಮಾ. ನಿನ್ನ ಚಾರ್ಜರಿಗೆ ಒಂದು ಖಾಲಿ ಬ್ಯಾಟರಿ ತುಂಬಲು ಸುಮಾರು ಎರಡೂವರೆ ತಾಸು ಬೇಕು. ಕರೆಂಟು ಸಂಜೆ 6ಕ್ಕೆ ಬಂತು. ಆಗ ನೀನು ಸಫಾರಿಯಿಂದ ಇನ್ನೂ ಬಂದೇ ಇರುವುದಿಲ್ಲ. ಆರೂವರೆಗೆ ಬಂದು ಬೂಟು ಬಿಚ್ಚಿ, ಬ್ಯಾಟರಿ ಹಾಕುವಾಗ ಏಳು. ಹತ್ತಕ್ಕೆ ಕರೆಂಟು ಬಂದ್. ಉಳಿದದ್ದು ಮೂರು ತಾಸು. ಒಂದು ಬ್ಯಾಟರಿ ತುಂಬಿತು, ಎರಡನೇದು ಮೂಸಿ ನೋಡಿತು. ಬೆಳಿಗ್ಗೆ ಇನ್ನೊಂದು ತಾಸು ಸಿಗುತ್ತದೆ, ಆರಕ್ಕೆಲ್ಲ ಗಾಡಿ ಹತ್ತಬೇಕು.

ಮೊದಲನೇ ಸಲ ನಾನು ಹೀಗೇ ಸಿಕ್ಕಿಹಾಕಿಕೊಂಡೆ. ಮೂರನೇ ದಿನ ಚೀತಾ ಓಡಿತು. ನನ್ನ ಕ್ಯಾಮೆರಾದ ಪರದೆಯಲ್ಲಿ ಬ್ಯಾಟರಿ ಚಿತ್ರ ಕೆಂಪಗೆ ಮಿಣುಕುತ್ತಿತ್ತು. ಹನ್ನೊಂದು ಫೋಟೋ ಬಂತು. ಹನ್ನೊಂದರಲ್ಲೂ ಚೀತಾದ ಹಿಂಭಾಗ.

ಎರಡನೇ ಸಲ ಒಂದೇ ಬದಲಾವಣೆ ಮಾಡಿದೆ. ಒಂದೇ ಹೊತ್ತಿಗೆ ಎಷ್ಟು ಬ್ಯಾಟರಿ ತುಂಬಬಹುದು ಅಂತ ಯೋಚಿಸಿದೆ. ಚಾರ್ಜರ್ ಎರಡು ಒಯ್ದೆ. ಮನೆಯಲ್ಲಿ ಬಿದ್ದಿದ್ದ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡನ್ನೂ ಹಾಕಿಕೊಂಡೆ. ಗೋಡೆಗೆ ಅಡಾಪ್ಟರ್ ಒಂದೇ, ಅದಕ್ಕೆ ನಮ್ಮ ಬೋರ್ಡು, ಅದರಲ್ಲಿ ನಾಲ್ಕು ಪ್ಲಗ್. ಐವತ್ತು ಡಾಲರಿನ ಟ್ರಾವೆಲ್ ಕಿಟ್‌ಗಿಂತ ಆ ಬೋರ್ಡು ನನಗೆ ಉಪಕಾರ ಮಾಡಿದೆ.

ಹಗಲು ಹೊತ್ತು ಗಾಡಿಯನ್ನು ಬಳಸಿಕೊಳ್ಳಿ. ಸಫಾರಿ ಲ್ಯಾಂಡ್ ಕ್ರೂಸರಿನ ಸಿಗರೇಟ್ ಲೈಟರ್ ತೂತಿಗೆ ಹಾಕುವ ಯುಎಸ್‌ಬಿ ಚಾರ್ಜರ್ ಒಂದು ಇರಲಿ. ಕೆಲವು ಗಾಡಿಯಲ್ಲಿ ಪ್ಲಗ್ ಪಾಯಿಂಟೇ ಇರುತ್ತದೆ, ಬುಕ್ ಮಾಡುವಾಗ ಕೇಳಿ. ದಿನಕ್ಕೆ ಏಳೆಂಟು ತಾಸು ಗಾಡಿಯಲ್ಲೇ ಕೂರುತ್ತೀರಿ.

ಮತ್ತೆ, ಬ್ಯಾಟರಿ ಎಲ್ಲ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಂಡು ಹೋಗಬೇಡಿ. ಕೀನ್ಯಾದಲ್ಲಿ 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಕೈಚೀಲ ಬಂದ್. ಬಟ್ಟೆ ಚೀಲ ಇಲ್ಲವೇ ಗಟ್ಟಿ ಡಬ್ಬಿ ಒಳ್ಳೇದು. ತುಂಬಿದ ಬ್ಯಾಟರಿ ಎಡ ಜೇಬು, ಖಾಲಿಯಾದದ್ದು ಬಲ ಜೇಬು, ಇದು ನನ್ನ ಪದ್ಧತಿ. ಧೂಳಿನಲ್ಲಿ ಅವಸರ ಆದಾಗ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ.

ಹುಲೇಕಲ್ ಹುಡುಗ (ಶಿರಸಿ) · ಜುಲೈ 5, ರಾತ್ರಿ 8.30

ಅಕ್ಕಾ, ಕೈಮುಗಿದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಚಾರ್ಜರ್ ಮಗುಚಿ ಓದಿದೆ ಅಣ್ಣಾ, 100-240 ಇದೆ. ಆದರೆ ಡಿ500 ಬಾಡಿಗೆ ಯುಎಸ್‌ಬಿ ಹಾಕಿದರೆ ಚಾರ್ಜ್ ಆಗುವುದಿಲ್ಲ. ಹಾಗಾದರೆ ಪವರ್ ಬ್ಯಾಂಕ್ ನನಗೆ ದಂಡವಾ? 30,000ದ್ದು ಒಂದು ಅಗ್ಗಕ್ಕೆ ಸಿಗುತ್ತಿದೆ, ಅದನ್ನು ತಗೊಳ್ಳಲಾ?

ಫ್ಯೂಸ್ ಹಾಕುವವ (ಕುಮಟಾ) · ಜುಲೈ 5, ರಾತ್ರಿ 9.05

30,000 ಬೇಡ. ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸು. 30,000ಕ್ಕೆ 111 ವ್ಯಾಟ್-ಅವರ್ ಬರುತ್ತದೆ, 100 ದಾಟಿತು. 27,000 ಅಂದರೆ 99.9, ಅದಕ್ಕೇ ಆ ಅಳತೆಯದ್ದು ಮಾರುಕಟ್ಟೆಯಲ್ಲಿ ಅಷ್ಟು ಕಾಣುವುದು. ನಿನ್ನ 20,000ದ್ದು 74. ಸಾಕು.

ನಿನ್ನ ಬ್ಯಾಟರಿ 14 ವ್ಯಾಟ್-ಅವರ್. 74ನ್ನು 14ರಿಂದ ಭಾಗಿಸಿ ಐದು ಸಲ ತುಂಬುತ್ತೇನೆ ಅಂದುಕೊಳ್ಳಬೇಡ. ವೋಲ್ಟು ಏರಿಸಿ ಇಳಿಸುವುದರಲ್ಲಿ ಮೂರನೇ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಮೂರು ಸಲ ಖಂಡಿತ, ಅದರ ಮೇಲೆ ಬಂದದ್ದು ಲಾಭ.

ಕ್ಯಾಮೆರಾಕ್ಕೆ ಆಗದಿದ್ದರೆ ಏನಂತೆ? ಇಎನ್-ಇಎಲ್15 ಎರಡು ಕೂರಿಸುವ ಯುಎಸ್‌ಬಿ ಚಾರ್ಜರ್ ಸಿಗುತ್ತದೆ. ಅದು ಗೋಡೆ, ಗಾಡಿ, ಪವರ್ ಬ್ಯಾಂಕ್ ಮೂರಕ್ಕೂ ಆಗುತ್ತದೆ. ಅಕ್ಕ ಹೇಳಿದ ಎರಡನೇ ಚಾರ್ಜರ್ ಅದೇ ಆಗಲಿ. ಹೆಸರಿಲ್ಲದ ಅಗ್ಗದ ಬ್ಯಾಟರಿ ಮಾತ್ರ ಅದರ ಜೊತೆ ಪುಕ್ಕಟೆ ಕೊಟ್ಟರೂ ಬೇಡ.

ಒಸಾಕಾ ಸೊಸೆ (ಯಲ್ಲಾಪುರ) · ಜುಲೈ 6, ಬೆಳಿಗ್ಗೆ 7.15

ಮಧ್ಯೆ ಬಾಯಿ ಹಾಕುತ್ತೇನೆ, ಮಿಕ್ಸರ್ ಅಂದಿರಲ್ಲ ಅದಕ್ಕೆ. ಅತ್ತೆ ಊರಿಂದ ಬರುವಾಗ ಮಿಕ್ಸರ್ ಹೊತ್ತು ತಂದರು. ಇಲ್ಲಿ 100 ವೋಲ್ಟು. ಅಡಾಪ್ಟರ್ ಇದ್ದರೆ ಪ್ಲಗ್ಗೇನೋ ಒಳಗೆ ಹೋಗುತ್ತದೆ. ಮಿಕ್ಸರ್ ಮಾತ್ರ ಜ್ವರ ಬಂದವರ ಹಾಗೆ ನರಳುತ್ತದೆ. ಅರ್ಧ ತಾಸು ನರಳಿಸಿದ ಮೇಲೂ ಕಾಯಿಚೂರು ಕಾಯಿಚೂರಾಗಿಯೇ ಇತ್ತು. ಅತ್ತೆ ಅದಕ್ಕೇ ಬೈದರು, ಜಪಾನಿಗೆ ಬೈಯಲಿಲ್ಲ.

ಒಂದೇ ದೇಶ ಆದರೂ ಟೋಕಿಯೋದಲ್ಲಿ 50 ಹರ್ಟ್ಜ್, ನಮ್ಮ ಒಸಾಕಾದಲ್ಲಿ 60. 1890ರ ದಶಕದಲ್ಲಿ ಅವರು ಜರ್ಮನಿಯಿಂದ ಜನರೇಟರ್ ತಂದರು, ಇವರು ಅಮೆರಿಕದಿಂದ. ಇವತ್ತಿಗೂ ಸರಿಹೋಗಿಲ್ಲ. ಕ್ಯಾಮೆರಾ ಚಾರ್ಜರಿಗೆ ಅದರ ಗೊಡವೆ ಇಲ್ಲ. ಆದರೆ ಇಲ್ಲಿನ ಹೆಚ್ಚಿನ ಗೋಡೆಗಳಲ್ಲಿ ಎರಡೇ ತೂತು, ಅರ್ತ್ ಇಲ್ಲ. ಲ್ಯಾಪ್‌ಟಾಪಿನ ಮೂರು ಪಿನ್ನು ಹಿಡಿದುಕೊಂಡು ಬಂದವರು ಪೇಚಾಡುತ್ತಾರೆ.

ಸಿದ್ದಾಪುರ ಸೈಡು · ಜುಲೈ 6, ರಾತ್ರಿ 11.20

ಯುರೋಪಿಗೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಹೋಟೆಲ್ ರೂಮಿನ ಕಾರ್ಡು. ಬಾಗಿಲ ಪಕ್ಕದ ಗೂಡಿನಲ್ಲಿ ಅದನ್ನು ಇಟ್ಟರೆ ಮಾತ್ರ ಕರೆಂಟು. ಮ್ಯೂನಿಕ್‌ನಲ್ಲಿ ಬ್ಯಾಟರಿ ಎಲ್ಲ ಚಾರ್ಜಿಗೆ ಹಾಕಿ, ಕಾರ್ಡು ಕಿತ್ತುಕೊಂಡು ಊಟಕ್ಕೆ ಹೋದೆ. ಎರಡು ತಾಸು ಬಿಟ್ಟು ಬಂದರೆ ಬ್ಯಾಟರಿ ಇದ್ದ ಹಾಗೇ ಇದೆ. ಆಮೇಲೆ ನಮ್ಮ ಸೊಸೈಟಿಯ ಹಳೆ ಕಾರ್ಡನ್ನು ಆ ಗೂಡಿನಲ್ಲಿ ಇಟ್ಟು ನೋಡಿದೆ, ಕರೆಂಟು ಬಂತು! ಎಲ್ಲ ಕಡೆ ಇದು ನಡೆಯುವುದಿಲ್ಲ. ಆಗದಿದ್ದರೆ ಫ್ರಿಜ್ಜಿನ ಪ್ಲಗ್ಗಿನ ಪಕ್ಕ ಪಾಯಿಂಟ್ ಇದೆಯಾ ನೋಡಿ, ಅದು ಸಾಮಾನ್ಯವಾಗಿ ಬಂದ್ ಆಗುವುದಿಲ್ಲ.

ನಮ್ಮ ಫೋನ್ ಚಾರ್ಜರಿನ ಸಣ್ಣ ಎರಡು ಪಿನ್ನು ಜರ್ಮನಿಯಲ್ಲಿ ಸೀದಾ ಕೂರುತ್ತದೆ. ಸ್ವಿಟ್ಜರ್ಲೆಂಡಿನ ಸಾಕೆಟ್ಟು ಗುಳಿ ಥರ ಒಳಗೆ ಇರುತ್ತದೆ. ಸಪೂರ ಪ್ಲಗ್ ಹೋಗುತ್ತದೆ, ಜರ್ಮನಿಯ ದಪ್ಪ ದುಂಡು ಪ್ಲಗ್ ಹೋಗುವುದಿಲ್ಲ. ಜರ್ಮನಿಯಲ್ಲಿ ಅಡಾಪ್ಟರ್ ಕೊಂಡು ಸ್ವಿಸ್ ರೈಲು ಹತ್ತಿದವರಲ್ಲಿ ನಾನೂ ಒಬ್ಬ.

ಹುಲೇಕಲ್ ಹುಡುಗ (ಶಿರಸಿ) · ಆಗಸ್ಟ್ 8, ರಾತ್ರಿ 10.00

ನಾಳೆ ಹೊರಟೆ. ಮೂರು ದಿನದಿಂದ ಮಳೆ, ನಿನ್ನೆಯಿಂದ ಕರೆಂಟಿಲ್ಲ. ಕೀನ್ಯಾದ ಚಾರ್ಜಿನ ಚಿಂತೆ ಮಾಡಿದ್ದೇ ಆಯಿತು, ಮನೆಯಲ್ಲೇ ಬ್ಯಾಟರಿ ಖಾಲಿ. ಶಿರಸಿಯಲ್ಲಿ ಮಾವನ ಮನೆಯ ಇನ್ವರ್ಟರಿಗೆ ಎಲ್ಲ ಹಾಕಿಟ್ಟು ಬಂದಿದ್ದೇನೆ.

ಹುಲೇಕಲ್ ಹುಡುಗ (ಶಿರಸಿ) · ಆಗಸ್ಟ್ 24, ರಾತ್ರಿ 9.15

ಬಂದೆ. ವರದಿ ಒಪ್ಪಿಸುತ್ತೇನೆ.

ಮೊದಲ ರಾತ್ರಿ. ಟೆಂಟಿನ ಮೂಲೆಯಲ್ಲಿ ಅಡಾಪ್ಟರ್, ಅದಕ್ಕೆ ಮನೆಯ ಬೋರ್ಡು, ಬೋರ್ಡಿಗೆ ನಿಕಾನ್ ಚಾರ್ಜರ್, ಹೊಸ ಯುಎಸ್‌ಬಿ ಚಾರ್ಜರ್, ಭಾವನ ಕ್ಯಾಮೆರಾ, ಫೋನುಗಳು. ಚಾರ್ಜರಿನ ಕಿತ್ತಳೆ ದೀಪ ಮಿಣುಕುತ್ತಿತ್ತು. ಮಿಣುಕು ನಿಂತು ದೀಪ ಸ್ಥಿರ ಆದರೆ ಬ್ಯಾಟರಿ ತುಂಬಿತು ಅಂತ. ಊಟ ಮುಗಿಸಿ ಬಂದು ಮಂಚದ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ದೀಪ ಸ್ಥಿರ ಆಯಿತು. ಹತ್ತಕ್ಕೆ ದೂರದಲ್ಲಿ ಜನರೇಟರ್ ಒಮ್ಮೆ ಕೆಮ್ಮಿ ನಿಂತಿತು. ಪೂರ್ತಿ ಕತ್ತಲೆ. ಹೊಳೆ ಕಡೆಯಿಂದ ನೀರಾನೆ ಕೂಗು. ನನ್ನ ಎರಡು ಬ್ಯಾಟರಿ ಪೂರ್ತಿ, ಮೂರನೇದು ಮುಕ್ಕಾಲು. ಅಕ್ಕಾ, ನಿಮ್ಮ ಲೆಕ್ಕ ಐದು ನಿಮಿಷವೂ ತಪ್ಪಲಿಲ್ಲ.

ಭಾವನದ್ದು ಬೇರೆ ಕಥೆ. ಬೆಳಿಗ್ಗೆ ಎದ್ದು ನೋಡಿದರೆ ಅವನ ಬ್ಯಾಟರಿ ಒಂದು ಗೆರೆಯೂ ಏರಿಲ್ಲ. ಝಡ್6 II ಆಫ್ ಇದ್ದರೆ ಮಾತ್ರ ಒಳಗಿನ ಬ್ಯಾಟರಿ ಚಾರ್ಜ್ ಆಗುತ್ತದೆ. ಅವನು ಫೋಟೋ ನೋಡುತ್ತಾ ಆನ್ ಇಟ್ಟೇ ಚಾರ್ಜಿಗೆ ಹಾಕಿದ್ದ. ಮರುದಿನ ಆಫ್ ಮಾಡಿಯೇ ಹಾಕಿದ, ಆದರೆ ಒಳಗಿದ್ದದ್ದು ನನ್ನಿಂದ ಸಾಲ ಪಡೆದ ಹಳೆ ಇಎನ್-ಇಎಲ್15. ಅದು ಆ ಕ್ಯಾಮೆರಾದಲ್ಲಿ ಕೆಲಸ ಮಾಡುತ್ತದೆ, ಆದರೆ ಕ್ಯಾಮೆರಾದೊಳಗೆ ಚಾರ್ಜ್ ಆಗುವುದಿಲ್ಲ. ಹೆಸರಿನ ಕೊನೆಗೆ ಬಿ, ಸಿ ಅಂತ ಬಾಲ ಇರುವ ಹೊಸ ಬ್ಯಾಟರಿಗೆ ಮಾತ್ರ ಆ ಸೌಲಭ್ಯ ಅಂತೆ. ನೋಡಲು ಎಲ್ಲ ಒಂದೇ ಥರ. ಎರಡು ರಾತ್ರಿ ಹೋದ ಮೇಲೆ ಗೊತ್ತಾಯಿತು.

ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ಹುಲ್ಲೆ) ಹಿಂಡು ಮಾರಾ ನದಿ ದಾಟುವುದನ್ನು ನೋಡಲು ಮೂರು ತಾಸು ಕಾದೆವು. ವೈಲ್ಡ್‌ಬೀಸ್ಟ್‌ಗಳು ದಡಕ್ಕೆ ಬರುತ್ತವೆ, ಒಂದು ಹೆಜ್ಜೆ ನೀರಿಗೆ ಇಡುತ್ತವೆ, ವಾಪಸ್ ತಿರುಗುತ್ತವೆ. ನಾನು ಡಿ500ರ ಕಿಂಡಿಯಲ್ಲಿ ನೋಡುತ್ತಾ ಕೂತೆ, ಅದಕ್ಕೆ ಕರೆಂಟೇನೂ ಬೇಡ. ಭಾವನ ಕ್ಯಾಮೆರಾದ ಕಿಂಡಿಯೊಳಗೆ ಇರುವುದು ಸಣ್ಣ ಟಿವಿ. ಒಂದೂ ಫೋಟೋ ತೆಗೆಯದೆ, ಬರೀ ಕಾಯುವುದರಲ್ಲೇ ಅವನ ಒಂದೂವರೆ ಬ್ಯಾಟರಿ ಹೋಯಿತು. ಮೊದಲನೇದು ನೀರಿಗೆ ಹಾರಿದ್ದೇ ಸರಿ, 'ಬ್ಯಾಟರಿ ಕೊಡೋ' ಅಂತ ಕೂಗಿದ. ಎಡ ಜೇಬಿನಿಂದ ತೆಗೆದು ಕೊಟ್ಟೆ. ಅವನ ದಾಟುವ ಫೋಟೋ ನನ್ನದಕ್ಕಿಂತ ಚೆನ್ನಾಗಿ ಬಂದಿದೆ, ಅದು ಬೇರೆ ಮಾತು.

ಗಾಡಿಯಲ್ಲಿ ಪ್ಲಗ್ ಪಾಯಿಂಟೇ ಇತ್ತು, ಜಿ ಮಾದರಿಯದ್ದೇ. ಎಂಜಿನ್ ಬಂದ್ ಮಾಡಿದರೆ ಅದೂ ಬಂದ್. ಸಿಂಹ ಮಲಗಿದಷ್ಟು ಹೊತ್ತೂ ನಮ್ಮ ಚಾರ್ಜೂ ಮಲಗುತ್ತಿತ್ತು. ಆ ಹೊತ್ತಿಗೆ ಪವರ್ ಬ್ಯಾಂಕ್ ಕೆಲಸಕ್ಕೆ ಬಂತು. ಮೂರು ಬ್ಯಾಟರಿ ತುಂಬಿ, ನಾಲ್ಕನೇದಕ್ಕೆ ಅರ್ಧದಲ್ಲಿ ಕೈಕೊಟ್ಟಿತು ಅಣ್ಣಾ.

ಬರುವಾಗ ದುಬೈನಲ್ಲಿ ಭಾಯಿ ಏರ್‌ಪೋರ್ಟಿಗೇ ಬಂದು ಟೇಪ್ ರೆಕಾರ್ಡರ್ ವೈರು ಕೊಟ್ಟರು. ಹೋಗುವಾಗ ಬೇಕಿತ್ತು, ಬರುವಾಗ ಸಿಕ್ಕಿತು. ಜೊತೆಗೆ ಒಂದು ಪೊಟ್ಟಣ ಖರ್ಜೂರವೂ ಸಿಕ್ಕಿತು, ಅದಕ್ಕೆ ದೂರು ಇಲ್ಲ.

ಕೋಡಿಬಾಗದವ (ಕಾರವಾರ) · ಆಗಸ್ಟ್ 24, ರಾತ್ರಿ 9.50

ಅಕ್ಟೋಬರಿನಲ್ಲಿ ಮಗಳ ಮನೆಗೆ ಲಂಡನ್‌ಗೆ ಹೊರಟಿದ್ದೇನೆ. ಆ ಅಡಾಪ್ಟರ್ ಈಗ ನಿಮಗೆ ಬೇಡ ಅಲ್ವಾ?

ಫ್ಯೂಸ್ ಹಾಕುವವ (ಕುಮಟಾ) · ಆಗಸ್ಟ್ 24, ರಾತ್ರಿ 9.52

ಯಾಕೆ, ಬಾಲ್ ಪೆನ್ ಎಲ್ಲಿ ಹೋಯಿತು?

ಹುಲೇಕಲ್ ಹುಡುಗ (ಶಿರಸಿ) · ಆಗಸ್ಟ್ 24, ರಾತ್ರಿ 10.10

ಕೊಡುತ್ತೇನೆ. ನಾಡಿದ್ದು ಬೆಳಿಗ್ಗೆ ಕಾರವಾರ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ, ಬಸ್ ಸ್ಟ್ಯಾಂಡಿಗೆ ಬಂದು ಇಸ್ಕೊಳ್ಳಿ. ಟೇಪ್ ರೆಕಾರ್ಡರ್ ವೈರು ಮಾತ್ರ ಕೇಳಬೇಡಿ.